ಎಣಿಕೆ ತಪ್ಪಿದ ಗುರುಗಳು

ನಮ್ಮ ಸಂಘದ ವಾಚನಕೂಟದಲ್ಲಿ ಹೋದ ತಿಂಗಳು ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಒಂದು ಪ್ರಶ್ನೆಯನ್ನು ಕೇಳಿದನು. "ಭವಿಷ್ಯವನ್ನು ಹೇಳಿದವನ ಮಾತು ಸುಳ್ಳಾಯಿತೆಂದು ನೀವೇ ಒಪ್ಪುತ್ತೀರಿ, ಹಾಗಾದರೆ ಆ ಗ್ರಂಥವನ್ನು ಮತ್ತೆ ಓದುವುದೇತಕ್ಕೆ?" ಎಂಬುದು ಅವನ ಪ್ರಶ್ನೆ. ಸಭೆಯಲ್ಲಿದ್ದ ಉಪಾಧ್ಯಾಯರಲ್ಲಿ ಕೆಲವರು ನಕ್ಕರು, ಕೆಲವರು ಹುಬ್ಬು ಗಂಟಿಕ್ಕಿದರು. ನಾವು ಆ ದಿನ ಕೊಟ್ಟ ಉತ್ತರವು ನಮಗೇ ತೃಪ್ತಿಯನ್ನುಂಟುಮಾಡಲಿಲ್ಲ. ಬಾಲಕನು ಕೇಳಿದ್ದು ಸಣ್ಣ ಮಾತಲ್ಲ. ಗುರುವು ತಪ್ಪಿದರೆ ವಿದ್ಯೆಯೂ ತಪ್ಪಿತೇ ಎಂಬ ಪ್ರಶ್ನೆ ಅದರೊಳಗೆ ಅಡಗಿದೆ. ಪಾಠ ಹೇಳಿ ಬದುಕುವ ನಮ್ಮಂಥವರಿಗೆ ಅದಕ್ಕಿಂತ ಹತ್ತಿರದ ಪ್ರಶ್ನೆ ಇನ್ನೊಂದಿರಲಾರದು. ಆದುದರಿಂದ ಅದನ್ನು ಚರಿತ್ರೆಯ ದಾರಿಯಲ್ಲಿ ಹಿಡಿದು ನೋಡಲು ಈ ಲೇಖನದಲ್ಲಿ ಯತ್ನಿಸಿದ್ದೇವೆ.

ಕೊಯಮತ್ತೂರು ಸೀಮೆಯ ಕನ್ನಡಿಗರಿಗೆ ಭವಿಷ್ಯವಾಣಿಯ ಗ್ರಂಥಗಳು ಹೊರಗಿನ ವಸ್ತುಗಳಲ್ಲ. ಈಗಿನ ವಿದ್ಯಾರ್ಥಿಗಳಿಗೆ ಈ ಸಂಗತಿ ತಿಳಿದಿರಲಾರದು: ಕೊಳ್ಳೇಗಾಲ ತಾಲ್ಲೂಕು 1956ನೆಯ ಇಸವಿ ನವೆಂಬರ್ 1ರವರೆಗೆ ನಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮಲೆಯ ಮಹದೇಶ್ವರನ ಬೆಟ್ಟವೂ, ಸಿದ್ಧಪ್ಪಾಜಿಯ ಗದ್ದಿಗೆಯಿರುವ ಚಿಕ್ಕಲ್ಲೂರೂ ಆ ಕಾಲದಲ್ಲಿ ಈ ಜಿಲ್ಲೆಯ ಕಾಗದಪತ್ರಗಳಲ್ಲಿಯೇ ಬರುತ್ತಿದ್ದ ಸ್ಥಳಗಳು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ತಾಲ್ಲೂಕು ಮೈಸೂರಿಗೆ ಹೋಯಿತು. ತಾಳವಾಡಿ ಇತ್ತಲೇ ಉಳಿಯಿತು. ಮುಂದೆ 1979ರಲ್ಲಿ ಈರೋಡು, 2009ರಲ್ಲಿ ತಿರುಪ್ಪೂರು ಬೇರೆ ಬೇರೆ ಜಿಲ್ಲೆಗಳಾದುವು. ಗಡಿಗಳು ಇಷ್ಟು ಸಲ ಸರಿದಾಡಿದರೂ ಪುಷ್ಯಮಾಸದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಜಾತ್ರೆ ನಡೆಯುವುದು ನಿಂತಿಲ್ಲ.

ಆ ಜಾತ್ರೆಯ ಮೊದಲ ರಾತ್ರಿ ಚಂದ್ರಮಂಡಲವೆಂಬ ಉತ್ಸವವಿದೆ. ಬಿದಿರಿನಿಂದ ಕಟ್ಟಿ ಬಟ್ಟೆ ಸುತ್ತಿದ ಮಂಡಲಕ್ಕೆ ಬೆಂಕಿಯಿಡುತ್ತಾರೆ. ಜ್ವಾಲೆಯು ಯಾವ ದಿಕ್ಕಿಗೆ ಹೆಚ್ಚಾಗಿ ವಾಲಿ ಉರಿಯುವುದೋ ಆ ದಿಕ್ಕಿನ ನಾಡಿಗೆ ಆ ವರ್ಷ ಮಳೆಬೆಳೆ ಚೆನ್ನಾಗಿ ಆಗುವುದೆಂದು ರೈತರು ನಂಬುತ್ತಾರೆ. ಸಿದ್ಧಪ್ಪಾಜಿಯ ಗುರುವಾದ ಮಂಟೇಸ್ವಾಮಿಯು ಕಲ್ಯಾಣದಿಂದ ದಕ್ಷಿಣಕ್ಕೆ ನಡೆದು ಬಂದವನೆಂದು ನೀಲಗಾರರು ತಂಬೂರಿ ಹಿಡಿದು ಹಾಡುತ್ತಾರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಅವನ ಗದ್ದಿಗೆಯಿದೆ. ಉತ್ತರದ ಸುರಪುರ ಸೀಮೆಯ ಕೊಡೇಕಲ್ಲ ಬಸವಣ್ಣನ ಪರಂಪರೆಗೂ ಮಂಟೇಸ್ವಾಮಿಯ ಪರಂಪರೆಗೂ ಇರುವ ನಂಟನ್ನು ವಿದ್ವಾಂಸರು ಬಹುಕಾಲದಿಂದ ಚರ್ಚಿಸುತ್ತಲೇ ಬಂದಿದ್ದಾರೆ. ಈ ಕೊಡೇಕಲ್ಲ ಬಸವಣ್ಣನು ಹದಿನಾರನೆಯ ಶತಮಾನದವನು. ಕನ್ನಡದಲ್ಲಿ ಕಾಲಜ್ಞಾನವೆಂದೊಡನೆ ಮೊದಲು ನೆನಪಾಗುವ ಹೆಸರು ಅವನದು. ಅವನ ಪರಂಪರೆಯ ಓಲೆಗಳಲ್ಲಿ ಕೆಲವು ಅಮರಗನ್ನಡವೆಂಬ ಗೂಢಲಿಪಿಯಲ್ಲಿವೆ. ಓದಲು ಬಾರದಂತೆ ಬರೆದುದನ್ನು ಓದಿ ಹೇಳುವವನೊಬ್ಬನು ಬೇಕಾಗುವುದು ಸಹಜ. ಅಲ್ಲಿಂದಲೇ ಗುರುವಿನ ಅಧಿಕಾರವೂ ಗುರುವಿನ ತಪ್ಪೂ ಪ್ರಾರಂಭವಾಗುತ್ತವೆ.

ಬಳ್ಳಾರಿ ಸೀಮೆಯ ಮೈಲಾರದ ಕಾರಣಿಕವನ್ನು ಬಲ್ಲವರು ಈ ಮಾತನ್ನು ಬೇಗನೆ ಒಪ್ಪಿಯಾರು. ಗೊರವಯ್ಯನು ಬಿಲ್ಲನ್ನೇರಿ ಒಂದೇ ಒಂದು ಸಾಲನ್ನು ನುಡಿದು ಕೆಳಕ್ಕೆ ಧುಮುಕುತ್ತಾನೆ. ಆ ಸಾಲು ಮಳೆಗೆ ಸಂಬಂಧಿಸಿದ್ದೋ, ಅರಸನಿಗೆ ಸಂಬಂಧಿಸಿದ್ದೋ, ದವಸದ ಬೆಲೆಗೆ ಸಂಬಂಧಿಸಿದ್ದೋ ಎಂದು ವರ್ಷವೆಲ್ಲ ಜನರು ಅರ್ಥ ಹೇಳಿಕೊಳ್ಳುತ್ತಾರೆ. ನುಡಿದವನು ಒಬ್ಬನು, ಬಿಡಿಸಿ ಹೇಳುವವರು ಸಾವಿರ ಮಂದಿ. ತಪ್ಪು ಯಾರದೆಂದು ಗೊತ್ತುಮಾಡುವುದು ಹೇಗೆ?

ಇಂಥ ಗ್ರಂಥಗಳಿಂದ ಚರಿತ್ರಕಾರನಿಗೆ ಏನು ದೊರೆಯುತ್ತದೆಂಬುದಕ್ಕೆ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವು ಒಳ್ಳೆಯ ನಿದರ್ಶನ. ಅದು 1584ರ ಸುಮಾರಿಗೆ ರಚಿತವಾದ ಕಾವ್ಯ. ಹನ್ನೆರಡನೆಯ ಶತಮಾನದ ಚೆನ್ನಬಸವಣ್ಣನು ಸಿದ್ಧರಾಮನಿಗೆ ಹೇಳಿದಂತೆ ಕಥೆಯನ್ನು ಹೂಡಿರುವುದರಿಂದ, ವಿಜಯನಗರದ ಅರಸರ ಸಂಗತಿಗಳೂ ಆ ರಾಜ್ಯಕ್ಕೆ ಬಂದೊದಗಿದ ನಾಶವೂ ಅದರಲ್ಲಿ ಮುಂದಾಗುವ ಮಾತುಗಳಾಗಿ ಬರುತ್ತವೆ. ಕವಿಯು ಬರೆಯುವ ವೇಳೆಗೆ ಅವೆಲ್ಲ ಆಗಿಹೋಗಿದ್ದುವು; 1565ರ ಯುದ್ಧ ಕಳೆದು ಸುಮಾರು ಇಪ್ಪತ್ತು ವರ್ಷಗಳಾಗಿದ್ದುವು. ಅಲ್ಲಿಂದ ಮುಂದಕ್ಕೆ ವೀರವಸಂತರಾಯನು ಬರುವನು, ಕಲ್ಯಾಣವು ಮರಳಿ ಬೆಳಗುವುದು ಎಂದು ಕಾವ್ಯವು ಹೇಳುತ್ತದೆ. ವೀರವಸಂತರಾಯನು ಬರಲಿಲ್ಲ. ಯಾವ ಸಂಗತಿಯವರೆಗೆ ಭವಿಷ್ಯವು ಚರಿತ್ರೆಗೆ ಸರಿಹೊಂದುತ್ತದೆಯೋ, ಎಲ್ಲಿಂದಾಚೆಗೆ ಅದು ತಪ್ಪತೊಡಗುತ್ತದೆಯೋ, ಆ ಎರಡರ ನಡುವಣ ಗೆರೆಯಲ್ಲಿ ಕವಿಯು ಲೆಕ್ಕಣಿಕೆ ಹಿಡಿದು ಕುಳಿತಿದ್ದಾನೆಂದು ತಿಳಿಯಬಹುದು. ಕಾಲವನ್ನು ನಮೂದಿಸದ ಕಾಲಜ್ಞಾನಗಳಿಗೆ ಕಾಲವನ್ನು ನಿರ್ಣಯಿಸುವ ಉಪಾಯವಿದು. ಇಲ್ಲಿ ತಪ್ಪೇ ಪ್ರಮಾಣವಾಗಿ ಪರಿಣಮಿಸುತ್ತದೆ! ಅಷ್ಟಲ್ಲದೆ, ರಾಜ್ಯವು ಹಾಳಾದ ಮೇಲೆ ಕನ್ನಡ ಜನರು ಯಾವುದಕ್ಕಾಗಿ ಹಂಬಲಿಸಿದರೆಂಬುದು ಶಾಸನಗಳಲ್ಲಿ ಸಿಕ್ಕುವುದಿಲ್ಲ. ಬಾರದೆಹೋದ ವಸಂತರಾಯನಲ್ಲಿ ಸಿಕ್ಕುತ್ತದೆ.

ಇದೇ ವಿಧಾನವನ್ನು ಕ್ರೈಸ್ತರ ಸತ್ಯವೇದದ ಮೇಲೂ ಪಂಡಿತರು ಪ್ರಯೋಗಿಸಿದ್ದಾರೆ. ದಾನಿಯೇಲನ ಗ್ರಂಥದ ಹನ್ನೊಂದನೆಯ ಅಧ್ಯಾಯದಲ್ಲಿ ಉತ್ತರದ ಅರಸನಿಗೂ ದಕ್ಷಿಣದ ಅರಸನಿಗೂ ನಡೆಯುವ ಯುದ್ಧಗಳ ವರ್ಣನೆಯಿದೆ. ಅದು ಸಿರಿಯದ ಅರಸನಾದ ನಾಲ್ಕನೆಯ ಅಂತಿಯೋಕನು ಕ್ರಿ.ಪೂ. 167ರಲ್ಲಿ ಯೆರೂಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದವರೆಗೆ ಬಹು ನಿಖರವಾಗಿದೆ. ಅವನ ಮರಣದ ವಿವರಕ್ಕೆ ಬಂದಾಗ ಚರಿತ್ರೆಗೆ ಹೊಂದುವುದಿಲ್ಲ. ಆದುದರಿಂದ ಗ್ರಂಥವು ಆ ಕಾಲದಲ್ಲಿಯೇ ಹುಟ್ಟಿತೆಂದು ಕ್ರಿ.ಶ. ಮೂರನೆಯ ಶತಮಾನದಲ್ಲಿದ್ದ ಪೋರ್ಫಿರಿಯೆಂಬ ತತ್ತ್ವಜ್ಞನು ವಾದಿಸಿದನು. ಶ್ರದ್ಧಾಳುಗಳಾದ ಕ್ರೈಸ್ತರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ಉಳಿದ ಭಾಗವು ಮುಂದೆ ಬರಲಿರುವ ಕಾಲಕ್ಕೆ ಸೇರಿದ್ದೆಂದು ಅವರು ತಿಳಿಯುತ್ತಾರೆ. ಆ ವಿವಾದದಲ್ಲಿ ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ.

ಆದರೆ ಒಂದು ಮಾತನ್ನು ಹೇಳಲೇಬೇಕು. ಪ್ರವಾದನೆಯನ್ನು ತಪ್ಪಾಗಿ ಹೇಳುವ ಗುರುಗಳಿದ್ದಾರೆಂಬುದನ್ನು ಆ ಗ್ರಂಥವು ಮುಚ್ಚಿಟ್ಟಿಲ್ಲ. ಯೆರೆಮೀಯನ ಗ್ರಂಥದ ಇಪ್ಪತ್ತೆಂಟನೆಯ ಅಧ್ಯಾಯವನ್ನು ಓದಿರಿ. ಬಾಬೆಲಿನ ಅರಸನು ಯೆರೂಸಲೇಮಿನ ಜನರನ್ನು ಸೆರೆಯೊಯ್ದು, ದೇವಾಲಯದ ಪಾತ್ರೆಗಳನ್ನೂ ಒಯ್ದಿದ್ದಾನೆ. ಯೆರೆಮೀಯನು ಕೊರಳಿಗೆ ಮರದ ನೊಗವನ್ನು ಹಾಕಿಕೊಂಡು, ಈ ದಾಸ್ಯ ಬೇಗನೆ ತೀರದೆಂದು ಸಾರುತ್ತಿದ್ದಾನೆ. ಹನನ್ಯನೆಂಬ ಮತ್ತೊಬ್ಬ ಪ್ರವಾದಿಯು ದೇವಾಲಯದಲ್ಲಿ ಎಲ್ಲರೆದುರಿಗೆ ನಿಂತು, ಎರಡೇ ವರ್ಷಗಳಲ್ಲಿ ಎಲ್ಲರೂ ಹಿಂದಿರುಗುವರೆಂದು ನುಡಿದು ಆ ನೊಗವನ್ನು ಮುರಿದುಹಾಕುತ್ತಾನೆ. ಯೆರೆಮೀಯನು ಸಿಟ್ಟಾಗುವುದಿಲ್ಲ, ಹಾಗೆಯೇ ಆಗಲಿ ಎಂದು ಹಾರೈಸಿ, ಸಮಾಧಾನವನ್ನು ಸಾರುವ ಪ್ರವಾದಿಯ ಮಾತು ನೆರವೇರಿದಾಗಲೇ ಅವನನ್ನು ನಿಜವಾದ ಪ್ರವಾದಿಯೆಂದು ತಿಳಿಯಬೇಕೆಂದು ಹೇಳಿ ತನ್ನ ದಾರಿ ಹಿಡಿಯುತ್ತಾನೆ. ಸಿಹಿಯಾದ ಭವಿಷ್ಯಕ್ಕೆ ಹೆಚ್ಚಿನ ಪರೀಕ್ಷೆ ಬೇಕೆಂಬ ಈ ಮಾತನ್ನು ನಾವು ತರಗತಿಗಳಲ್ಲಿ ಅನೇಕ ಸಲ ಉದಾಹರಿಸಿದ್ದೇವೆ. ಹನನ್ಯನ ಎರಡು ವರ್ಷಗಳು ಕಳೆದುವು. ಯಾರೂ ಹಿಂದಿರುಗಲಿಲ್ಲ. ಕೆಲವೇ ವರ್ಷಗಳಲ್ಲಿ ಪಟ್ಟಣವೇ ನಾಶವಾಯಿತು.

ಯೆರೆಮೀಯನು ಹೇಳಿದ ಅವಧಿಯಾದರೋ ಎಪ್ಪತ್ತು ವರ್ಷ. ಪಾರಸಿಯ ಅರಸನಾದ ಕೋರೆಷನು ಬಾಬೆಲನ್ನು ಗೆದ್ದದ್ದು ಕ್ರಿ.ಪೂ. 539ರಲ್ಲಿ. ಯಾವ ವರ್ಷದಿಂದ ಎಣಿಸಿದರೆ ಎಪ್ಪತ್ತಾಗುವುದೆಂದು ಆಗಿನಿಂದ ಈಗಿನವರೆಗೆ ಎಣಿಸಿದವರಿಗೆ ಲೆಕ್ಕವಿಲ್ಲ. ಮೊದಲು ಎಣಿಸಿದವನಂತೂ ದಾನಿಯೇಲನೇ. ಅವನು ಯೆರೆಮೀಯನ ಗ್ರಂಥವನ್ನು ಮುಂದಿಟ್ಟುಕೊಂಡು ಆ ಎಪ್ಪತ್ತರ ಅರ್ಥವನ್ನು ಆಲೋಚಿಸಿದನೆಂದು ಅವನ ಗ್ರಂಥದ ಒಂಬತ್ತನೆಯ ಅಧ್ಯಾಯವು ಹೇಳುತ್ತದೆ. ಅಲ್ಲಿ ಎಪ್ಪತ್ತು ವರ್ಷಗಳು ಎಪ್ಪತ್ತು ವಾರಗಳಾಗಿ ವಿಸ್ತಾರವಾಗುತ್ತವೆ. ಪ್ರವಾದನೆಯನ್ನು ಅಭ್ಯಾಸಮಾಡುವ ಪರಿಪಾಟವು ಪ್ರವಾದನೆಯ ಗ್ರಂಥದೊಳಗೇ ಆರಂಭವಾಗಿದೆಯೆಂದಾಯಿತು. ಯೋನನ ಕಥೆಯದು ಇನ್ನೂ ಒಂದು ಬಗೆ. ನಾಲ್ವತ್ತು ದಿನಗಳಲ್ಲಿ ನಿನೆವೆಯು ಕೆಡವಲ್ಪಡುವುದೆಂದು ಅವನು ಸಾರಿದನು, ಜನರು ಗೋಣಿತಟ್ಟನ್ನುಟ್ಟು ಪಶ್ಚಾತ್ತಾಪಪಟ್ಟರು, ಪಟ್ಟಣ ಉಳಿಯಿತು. ತನ್ನ ಭವಿಷ್ಯ ಸುಳ್ಳಾಯಿತೆಂದು ಪ್ರವಾದಿಯೇ ಮುನಿಸಿಕೊಂಡನಂತೆ! ಎಚ್ಚರಿಕೆಯನ್ನು ಪಂಚಾಂಗದಂತೆ ಓದುವವರೆಲ್ಲ ಯೋನನ ಮಕ್ಕಳು.

ಇಷ್ಟು ಪೀಠಿಕೆಯಾದ ಮೇಲೆ ನಮ್ಮ ಮುಖ್ಯ ಕಥೆಗೆ ಬರುತ್ತೇವೆ. ಅದು ಒಬ್ಬ ಶಾಲಾ ಉಪಾಧ್ಯಾಯನ ಕಥೆ.

ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲನು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲಿ 1687ರಲ್ಲಿ ಹುಟ್ಟಿದನು. ಡೆಂಕೆನ್‌ಡಾರ್ಫಿನ ಮಠದ ಶಾಲೆಯಲ್ಲಿ 1713ರಿಂದ 1741ರವರೆಗೆ, ಇಪ್ಪತ್ತೆಂಟು ವರ್ಷಗಳ ಕಾಲ, ಹುಡುಗರಿಗೆ ಗ್ರೀಕ್ ಲ್ಯಾಟಿನ್ ಭಾಷೆಗಳನ್ನು ಕಲಿಸುತ್ತಿದ್ದನು. ಅವನು ಇನ್ನೂ ವಿದ್ಯಾರ್ಥಿಯಾಗಿದ್ದಾಗ ಒಂದು ಸಂದೇಹವು ಅವನನ್ನು ಬಾಧಿಸತೊಡಗಿತು. ಹೊಸ ಒಡಂಬಡಿಕೆಯ ಕೈಬರಹದ ಪ್ರತಿಗಳು ಒಂದರಂತೆ ಇನ್ನೊಂದಿರಲಿಲ್ಲ. ಇಂಗ್ಲೆಂಡಿನ ಜಾನ್ ಮಿಲ್ ಎಂಬ ಪಂಡಿತನು 1707ರಲ್ಲಿ ಅಚ್ಚುಮಾಡಿಸಿದ ಆವೃತ್ತಿಯಲ್ಲಿ ಸುಮಾರು ಮೂವತ್ತು ಸಾವಿರ ಪಾಠಾಂತರಗಳನ್ನು ತೋರಿಸಿದ್ದನು. ದೇವರ ವಾಕ್ಯವೆಂದು ನಂಬಿದ ಗ್ರಂಥದಲ್ಲಿ ಮೂವತ್ತು ಸಾವಿರ ಸಂದೇಹಗಳು! ಬೇರೆ ಭಕ್ತರು ಆ ಪುಸ್ತಕದ ಕಡೆಗೆ ತಲೆಹಾಕದೆ ಸುಮ್ಮನಿದ್ದರು. ಬೆಂಗೆಲನು ಮಾತ್ರ ಪ್ರತಿಗಳನ್ನು ಸಂಪಾದಿಸಿ, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತಾ ವರ್ಷಗಳನ್ನು ಕಳೆದನು. ಬಿಡುವಿನ ವೇಳೆಯೆಲ್ಲ ಇದಕ್ಕೇ ಹೋಯಿತು, ತರಗತಿಗಳನ್ನು ಬಿಡುವಂತಿರಲಿಲ್ಲ.

ಈ ದುಡಿಮೆಯಿಂದ ಅವನು ಕಂಡುಕೊಂಡ ಎರಡು ಸಂಗತಿಗಳು ಇಂದಿಗೂ ನಿಂತಿವೆ. ಪ್ರತಿಗಳನ್ನು ತಲೆಯೆಣಿಸಿ ಬೆಲೆಕಟ್ಟಬಾರದು. ಒಂದು ಪ್ರತಿಯಿಂದ ನೂರು ಪ್ರತಿಗಳನ್ನು ಬರೆದಿದ್ದರೆ ಆ ನೂರೂ ಸೇರಿ ಒಂದೇ ಸಾಕ್ಷಿ. ಆದುದರಿಂದ ಪ್ರತಿಗಳನ್ನು ಕುಲಗಳಾಗಿ ವಿಂಗಡಿಸಬೇಕು. ಇದು ಒಂದನೆಯದು. ಎರಡು ಪಾಠಗಳಲ್ಲಿ ಒಂದು ಸುಲಭವಾಗಿಯೂ ಮತ್ತೊಂದು ಕ್ಲಿಷ್ಟವಾಗಿಯೂ ಇದ್ದರೆ ಕ್ಲಿಷ್ಟವಾದುದೇ ಮೂಲವಾಗಿರುವ ಸಂಭವ ಹೆಚ್ಚು; ಏಕೆಂದರೆ ಲಿಪಿಕಾರನು ತನಗೆ ತಿಳಿಯದ ಮಾತನ್ನು ತಿಳಿದ ಮಾತಾಗಿ ತಿದ್ದುವನೇ ಹೊರತು ತಿಳಿದುದನ್ನು ತಿಳಿಯದಂತೆ ಮಾಡುವುದಿಲ್ಲ. ಇದು ಎರಡನೆಯದು. ನಮ್ಮ ಹಳಗನ್ನಡ ಕಾವ್ಯಗಳನ್ನು ಓಲೆಗರಿಗಳಿಂದ ಸಂಪಾದಿಸಿಕೊಟ್ಟ ವಿದ್ವಾಂಸರೂ ಈ ಸೂತ್ರವನ್ನು ಬಲ್ಲವರು. ಬೆಂಗೆಲನ ಗ್ರೀಕ್ ಹೊಸ ಒಡಂಬಡಿಕೆಯು 1734ರಲ್ಲಿ ಹೊರಬಿದ್ದಿತು. ಪಾಠಾಂತರಗಳನ್ನು ಅವುಗಳ ಯೋಗ್ಯತೆಗೆ ತಕ್ಕಂತೆ ಐದು ದರ್ಜೆಗಳಾಗಿ ಅದರಲ್ಲಿ ಗುರುತಿಸಿದ್ದನು. 1742ರಲ್ಲಿ ಪ್ರಕಟವಾದ ಅವನ ವ್ಯಾಖ್ಯಾನವನ್ನು ಇಂಗ್ಲೆಂಡಿನ ಜಾನ್ ವೆಸ್ಲಿಯು ತನ್ನ ಟಿಪ್ಪಣಿಗಳಿಗೆ ಆಧಾರವಾಗಿ ಇಟ್ಟುಕೊಂಡನು.

ಇಂಥ ಜಾಗರೂಕನಾದ ಮನುಷ್ಯನು ಭವಿಷ್ಯದ ಎಣಿಕೆಗೆ ಕೈಹಾಕಿದನು. ಪ್ರಕಟನೆಯೆಂಬ ಕೊನೆಯ ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿ ಮೃಗದ ಸಂಖ್ಯೆ 666 ಎಂದಿದೆ. ಅದರ ಅಧಿಕಾರದ ಅವಧಿ 42 ತಿಂಗಳು ಎಂದೂ ಇದೆ. ಈ ಎರಡೂ ಒಂದೇ ಕಾಲವನ್ನು ಹೇಳುತ್ತವೆಯೆಂದು ಬೆಂಗೆಲನು ಊಹಿಸಿದನು. ಹಾಗಾದರೆ 666 ವರ್ಷಗಳನ್ನು 42ರಿಂದ ಭಾಗಿಸಿದರೆ ಪ್ರವಾದನೆಯ ಒಂದು ತಿಂಗಳಿಗೆ ಹದಿನೈದು ವರ್ಷವೂ ವರ್ಷದ ಏಳರಲ್ಲಿ ಆರು ಭಾಗವೂ ಆಗುತ್ತದೆ. ವಿದ್ಯಾರ್ಥಿಗಳು ಈ ಭಾಗಾಕಾರವನ್ನು ಮಾಡಿ ನೋಡಬಹುದು, ಸರಿಯಾಗಿಯೇ ಇದೆ. ಈ ಅಳತೆಗೋಲನ್ನು ಹಿಡಿದು ಅವನು ಲೋಕದ ಇತಿಹಾಸವನ್ನೆಲ್ಲ ಅಳೆದು, ಮಹಾಪರಿವರ್ತನೆಯ ದಿನವನ್ನು 1836ನೆಯ ಇಸವಿ ಜೂನ್ 18 ಎಂದು ಗೊತ್ತುಮಾಡಿದನು. ಭಾಗಾಕಾರದಲ್ಲಿ ತಪ್ಪಿಲ್ಲ. ಎರಡು ಸಂಖ್ಯೆಗಳೂ ಒಂದೇ ಕಾಲದ ಅಳತೆಯೆಂಬ ಊಹೆಗೆ ಮಾತ್ರ ಆಧಾರವಿಲ್ಲ. ಪಾಠವನ್ನು ತಿದ್ದುವಾಗ ಒಂದು ಅಕ್ಷರಕ್ಕೂ ಸಾಕ್ಷಿ ಕೇಳಿದ ಗುರುವು ಕಾಲವನ್ನು ಎಣಿಸುವಾಗ ಸಾಕ್ಷಿಯನ್ನು ಕೇಳಲಿಲ್ಲ. ಒಂದೇ ತಲೆಯಲ್ಲಿ ಈ ಎರಡೂ ಹೇಗೆ ಇದ್ದುವೆಂದು ಆಶ್ಚರ್ಯಪಡುವವರು ನ್ಯೂಟನ್ನನನ್ನು ನೆನೆಯಬಹುದು; ಅವನೂ ದಾನಿಯೇಲನ ಮತ್ತು ಪ್ರಕಟನೆಯ ಗ್ರಂಥಗಳ ಮೇಲೆ ಬರೆದ ಪುಸ್ತಕವು ಅವನ ಮರಣಾನಂತರ 1733ರಲ್ಲಿ ಅಚ್ಚಾಯಿತು.

ಬೆಂಗೆಲನಲ್ಲಿ ನಾವು ಮೆಚ್ಚುವ ಗುಣ ಮತ್ತೊಂದಿದೆ. 1836ನೆಯ ವರ್ಷವು ವಿಶೇಷವೇನೂ ನಡೆಯದೆ ಕಳೆದುಹೋದರೆ ತನ್ನ ಪದ್ಧತಿಯಲ್ಲಿ ಮೂಲದಲ್ಲಿಯೇ ತಪ್ಪಿದೆಯೆಂದು ತಿಳಿದು ಅದು ಎಲ್ಲಿದೆಯೆಂದು ಹುಡುಕಬೇಕೆಂಬ ಅಭಿಪ್ರಾಯವನ್ನು ಅವನೇ ಬರೆದಿಟ್ಟನು. ತನ್ನ ಮಾತಿಗೆ ತಾನೇ ಪರೀಕ್ಷೆಯನ್ನು ಗೊತ್ತುಮಾಡಿ, ಉತ್ತರಪತ್ರಿಕೆಯನ್ನು ಮುಂದಿನ ತಲೆಮಾರಿನ ಕೈಗೆ ಒಪ್ಪಿಸಿದ ಭವಿಷ್ಯವಾದಿಗಳು ಎಷ್ಟು ಮಂದಿ ಸಿಕ್ಕಾರು? ಅವನು 1752ರಲ್ಲಿ ತೀರಿಕೊಂಡನು.

ಶಿಷ್ಯರಲ್ಲಿ ಎಲ್ಲರಿಗೂ ಗುರುವಿನ ಈ ಎಚ್ಚರವಿರಲಿಲ್ಲ. ವ್ಯುರ್ಟೆಂಬರ್ಗಿನ ರೈತರು 1816ರಲ್ಲಿ ಬೇಸಗೆಯೇ ಇಲ್ಲದ ವರ್ಷವೊಂದನ್ನು ಕಂಡು ಕ್ಷಾಮಕ್ಕೆ ಸಿಕ್ಕಿದರು. ಅಂತ್ಯಕಾಲವು ಸಮೀಪಿಸಿತೆಂದೂ ಪೂರ್ವದಿಕ್ಕಿನಲ್ಲಿ ಆಶ್ರಯಸ್ಥಾನವಿದೆಯೆಂದೂ ಹೇಳುವ ಬೋಧಕರಿಗೆ ಆಗ ಕೊರತೆಯಿರಲಿಲ್ಲ. 1817ರಲ್ಲಿ ಸಾವಿರಾರು ಜನರು ಹೊಲಮನೆಗಳನ್ನು ಮಾರಿ, ಡ್ಯಾನ್ಯೂಬ್ ನದಿಯಲ್ಲಿ ದೋಣಿಯೇರಿ, ರಷ್ಯದ ಕಾಕಸಸ್ ಸೀಮೆಗೆ ಹೊರಟರು. ಅವರಲ್ಲಿ ಬಹು ಮಂದಿ ದಾರಿಯಲ್ಲಿಯೇ ರೋಗಕ್ಕೆ ತುತ್ತಾದರು. ಗುರುವಿನ ತಪ್ಪಿಗೆ ಬೆಲೆಯನ್ನು ತೆರುವವನು ಗುರುವಲ್ಲ. ಈ ಸಂಗತಿಯನ್ನು ಮರೆತು ಬೆಂಗೆಲನನ್ನು ಹೊಗಳುವುದು ನ್ಯಾಯವಾಗದು.

ಇನ್ನು 1836. ಜೂನ್ 18ರಂದು ಸೂರ್ಯನು ಎಂದಿನಂತೆ ಹುಟ್ಟಿ ಎಂದಿನಂತೆ ಮುಳುಗಿದನು. ಆ ವರ್ಷದಲ್ಲಿಯೇ ವ್ಯುರ್ಟೆಂಬರ್ಗಿನ ತರುಣನೊಬ್ಬನು ಬಾಸೆಲ್ ಮಿಷನ್ನಿನ ಪರವಾಗಿ ಭಾರತಕ್ಕೆ ಹೊರಟು ಮಂಗಳೂರನ್ನು ಸೇರಿದನು. ಅವನೇ ಹೆರ್ಮನ್ ಮೋಗ್ಲಿಂಗ್. ಈ ಎರಡೂ ಒಂದೇ ವರ್ಷಕ್ಕೆ ಬಿದ್ದದ್ದು ಕಾಕತಾಳೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಂಗೆಲನು ಬೆಳೆಸಿದ ಭಕ್ತಿಪಂಥದ ನೆಲದಿಂದಲೇ ಬಾಸೆಲ್ ಮಿಷನ್ನಿಗೆ ಬಹು ಮಂದಿ ಸೇವಕರು ಬರುತ್ತಿದ್ದರೆಂಬುದು ಕಾಕತಾಳೀಯವಲ್ಲ. ಆ ನೆಲದಲ್ಲಿ ಗ್ರಂಥವನ್ನು ಅಕ್ಷರಶಃ ಓದುವ ಅಭ್ಯಾಸವಿತ್ತು. ದಿನಾಂಕ ಬಿದ್ದುಹೋಯಿತು, ಅಭ್ಯಾಸ ಉಳಿಯಿತು. ಮೋಗ್ಲಿಂಗನು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ಕನ್ನಡದ ಮೊದಲ ಪತ್ರಿಕೆ ಅದೇ. ಕಲ್ಲಚ್ಚಿನಲ್ಲಿ ಮುದ್ರಿತವಾಗಿ, ಪ್ರತಿಯೊಂದಕ್ಕೆ ಒಂದು ದುಡ್ಡಿನಂತೆ ಮಾರಾಟವಾಗುತ್ತಿತ್ತು. ಮೇಣದ ಹಾಳೆಯ ಮೇಲೆ ಬರೆದು ಮಸಿಯ ಉರುಳೆಯನ್ನು ಉರುಳಿಸಿ ಪ್ರತಿ ತೆಗೆಯುವ ನಮ್ಮ ಪತ್ರಿಕೆಗೆ ಅದು ದೂರದ ಅಜ್ಜನಾಗಬೇಕು! ಬಳಿಕ ಅವನು ಓಲೆಗಳನ್ನು ಸಂಗ್ರಹಿಸಿ, ಜೈಮಿನಿಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಅಚ್ಚುಮಾಡಿಸಿದನು. ತನ್ನ ಮತಕ್ಕೆ ಸೇರದ ಗ್ರಂಥಗಳನ್ನು ಆಸ್ಥೆಯಿಂದ ಅಚ್ಚಿಗೆ ಕೊಡುವ ಶಿಸ್ತು ಎಲ್ಲಿಂದ ಬಂದಿತೆಂದು ಹುಡುಕುವವರು ಡೆಂಕೆನ್‌ಡಾರ್ಫಿನ ಶಾಲೆಯ ಕಡೆಗೂ ಒಮ್ಮೆ ನೋಡಬೇಕು. ಅದೇ ಮಿಷನ್ನು 1846ರಲ್ಲಿ ನೀಲಗಿರಿಯ ಕೇತಿಯಲ್ಲಿ ಬಡಗರ ನಡುವೆ ನೆಲೆಸಿತು. ನೀಲಗಿರಿಯೂ ಆಗ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು.

ಕನ್ನಡದ ಕಾಲಜ್ಞಾನವೂ ಸತ್ಯವೇದದ ಪ್ರವಾದನೆಯೂ ಒಂದನ್ನೊಂದು ಎದುರುಗೊಂಡ ಪ್ರಸಂಗವೂ ಆ ಕಾಲದಲ್ಲಿಯೇ ನಡೆಯಿತು. 1840ರ ಸುಮಾರಿಗೆ ಧಾರವಾಡ ಸೀಮೆಯಲ್ಲಿ ಸಂಚರಿಸುತ್ತಿದ್ದ ಮಿಷನರಿಗಳಿಗೆ ಕಾಲಜ್ಞಾನಿಗಳೆಂಬ ಪಂಗಡದವರು ಭೇಟಿಯಾದರು. ಪಶ್ಚಿಮದಿಂದ ಬರುವ ಪರದೇಶಿಗಳ ವಿಷಯವಾಗಿ ತಮ್ಮ ಕಾಲಜ್ಞಾನದಲ್ಲಿ ಹೇಳಿದೆಯೆಂದೂ ನೀವೇ ಅವರಿರಬೇಕೆಂದೂ ಅವರು ತಿಳಿದರು. ಮಿಷನರಿಗಳಿಗೂ ಇದು ದೈವಕೃಪೆಯಂತೆ ಕಂಡಿತು. ಒಂದು ಪಂಗಡವೇ ತಮ್ಮ ಮತಕ್ಕೆ ಬರುವುದೆಂದು ಅವರು ಆಶಿಸಿದರು. 1841ರಲ್ಲಿ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಭೂಮಿಯನ್ನು ಪಡೆದು ಅವರಿಗಾಗಿ ಒಂದು ಒಕ್ಕಲುತನದ ವಸತಿಯನ್ನು ಏರ್ಪಡಿಸಿದರು. ಬರಬೇಕಾದವರು ಬರಲಿಲ್ಲ. ಕಾಯುತ್ತಿದ್ದ ಪರದೇಶಿಗಳು ಇವರಲ್ಲವೆಂದು ಅವರಿಗೆ ತೋರಿತು. ಕಾಯುತ್ತಿದ್ದ ಸುಗ್ಗಿ ಇದಲ್ಲವೆಂದು ಇವರಿಗೆ ತೋರಿತು. ವಸತಿ ನಿಷ್ಫಲವಾಯಿತು. ಇಬ್ಬರೂ ತಮ್ಮ ತಮ್ಮ ಗ್ರಂಥವನ್ನು ಹಿಡಿದುಕೊಂಡು ಎದುರಿಗಿದ್ದವನನ್ನು ಅದರ ಒಂದು ಪುಟವೆಂದು ಭಾವಿಸಿದ್ದರು!

ಈ ಪ್ರಸಂಗದ ಬಗ್ಗೆ ನಗುವುದು ಸುಲಭ. ಆದರೆ ಕೆಲವು ವರ್ಷಗಳ ಮೇಲೆ ಅದೇ ಮಿಷನ್ನಿನ ವ್ಯುರ್ಥ್ ಎಂಬವನು ಚೆನ್ನಬಸವಪುರಾಣವನ್ನು ಇಂಗ್ಲಿಷಿಗೆ ಸಂಗ್ರಹಿಸಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ವಸಂತರಾಯನ ನಿರೀಕ್ಷೆಯ ಆ ಗ್ರಂಥವು ಹೊರಗಿನ ವಿದ್ವಾಂಸರಿಗೆ ಹೀಗೆ ಪರಿಚಯವಾಯಿತು. 'ಪ್ರಾಕ್ಕಾವ್ಯಮಾಲಿಕೆ'ಯೆಂಬ ಹೆಸರಿನಲ್ಲಿ ಹಳೆಯ ಕಾವ್ಯಭಾಗಗಳನ್ನು ಆಯ್ದು ಕೊಟ್ಟವನೂ ಅವನೇ. ಒಮ್ಮೆ ಆಶೆಯಿಂದ ತಪ್ಪಾಗಿ ಓದಿದ ಪರಂಪರೆಯನ್ನು ಎರಡನೆಯ ಸಲ ಕೋಶವನ್ನು ಹಿಡಿದು ಓದಿದರೆಂದು ನಾವು ಇದನ್ನು ಅರ್ಥಮಾಡುತ್ತೇವೆ.

ನಮ್ಮ ಸ್ವಂತ ನೆನಪೊಂದನ್ನು ಹೇಳದೆ ಈ ವಿಷಯವನ್ನು ಬಿಡಲಾರೆವು. 1962ನೆಯ ಇಸವಿ ಫೆಬ್ರವರಿಯ ಮೊದಲ ವಾರದಲ್ಲಿ ಮಕರರಾಶಿಯಲ್ಲಿ ಎಂಟು ಗ್ರಹಗಳು ಕೂಡಿದುವು. ಅಷ್ಟಗ್ರಹಕೂಟದಿಂದ ಪ್ರಳಯವಾಗುವುದೆಂದು ದೇಶವೆಲ್ಲ ನಡುಗಿತು. ಊರೂರುಗಳಲ್ಲಿ ಹೋಮಗಳು ನಡೆದುವು. ನಾವಿದ್ದ ನೇಕಾರರ ಬೀದಿಯಲ್ಲಿ ಕನ್ನಡ ಓದಬಲ್ಲ ಹಿರಿಯರೊಬ್ಬರಿದ್ದರು. ಅವರನ್ನು ಬೀದಿಯವರೆಲ್ಲ ತಾತನೆಂದೇ ಕರೆಯುತ್ತಿದ್ದರು. ಚೌಡೇಶ್ವರಿಯ ಗುಡಿಯ ಜಗಲಿಯ ಮೇಲೆ ಕುಳಿತು, ಕೈಬರಹದ ಕಾಲಜ್ಞಾನದ ಪುಸ್ತಕವೊಂದನ್ನು ರಾಗವಾಗಿ ಓದಿ, ಇದೇ ಆ ದಿನವೆಂದು ಅವರು ಅರ್ಥ ಹೇಳಿದರು. ನಮಗೆ ಆಗ ಒಂಬತ್ತು ವರ್ಷ. ಎದುರುಮನೆಯ ನೇಕಾರನು ಇನ್ನು ನೇಯ್ದು ಯಾರಿಗೆ ಎಂದು ಹೊಸ ಹಾಸನ್ನು ಮಗ್ಗಕ್ಕೆ ಏರಿಸಲಿಲ್ಲ. ನೂಲನ್ನು ಅರ್ಧ ಬೆಲೆಗೆ ಕೊಟ್ಟು, ಬಂದ ಹಣದಲ್ಲಿ ಮನೆಮಂದಿಗೆಲ್ಲ ಹಬ್ಬದೂಟ ಮಾಡಿಸಿದನು. ಫೆಬ್ರವರಿ 6ನೆಯ ದಿನವೂ ಬೆಳಗಾಯಿತು. ಆ ಮನೆಯವರು ಮುಂದಿನ ಆರು ತಿಂಗಳು ಸಾಲದಲ್ಲಿ ಉಂಡರು. ಅವರ ಹಿರಿಯ ಮಗನು ನಮ್ಮ ಸಹಪಾಠಿ. ಶಾಲೆಯನ್ನು ಬಿಟ್ಟು ಲಾಳಿ ಹಿಡಿದವನು ಮತ್ತೆ ಬರಲಿಲ್ಲ. ಉಪಾಧ್ಯಾಯರು ಹಾಜರಿ ಕರೆಯುವಾಗ ಕೆಲವು ದಿನ ಅವನ ಹೆಸರನ್ನು ಕೂಗುತ್ತಲೇ ಇದ್ದರು.

ಆದುದರಿಂದ ತಪ್ಪಿದ ಗುರುವನ್ನು ಕ್ಷಮಿಸುವುದು ನಮಗೆ ಸುಲಭವಾದ ಮಾತಲ್ಲ. ಆದರೂ ಆ ತಾತನಿಂದಲೇ ನಾವು ಹಳೆಯ ಕನ್ನಡದ ಅಕ್ಷರಗಳನ್ನು ಓದಲು ಕಲಿತೆವು. ಬೀದಿಯಲ್ಲಿ ಅವನೊಬ್ಬನಿಗೇ ಓದಲು ಬರುತ್ತಿದ್ದುದರಿಂದ ಅವನ ಮಾತನ್ನು ಪರೀಕ್ಷಿಸಬಲ್ಲವರು ಯಾರೂ ಇರಲಿಲ್ಲ. ಇನ್ನಿಬ್ಬರಿಗಾದರೂ ಓದು ಬಂದಿದ್ದರೆ ಆ ಪುಟದಲ್ಲಿ ಮಕರರಾಶಿಯ ಹೆಸರೇ ಇಲ್ಲವೆಂಬುದು ಅಂದೇ ತಿಳಿಯುತ್ತಿತ್ತು. ಹೋಮಗಳಾದ ಮರುತಿಂಗಳು ನಾವು ತಾತನ ಬಳಿಗೆ ಹೋದೆವು. ಅವನು ನಾಚಿಕೆಯಿಂದ ಪುಸ್ತಕವನ್ನು ಗೂಡಿನೊಳಕ್ಕೆ ಎತ್ತಿಟ್ಟಿದ್ದನು. "ಪುಸ್ತಕ ಹೇಳಿದ್ದಲ್ಲ ಮಗು, ನಾನು ಹೇಳಿಸಿದ್ದು" ಎಂದನು. ಆಮೇಲೆ ಅದನ್ನು ಇಳಿಸಿ, ಅಕ್ಷರಗಳನ್ನು ತೋರಿಸಿ ಓದಿಸತೊಡಗಿದನು. ಅರ್ಥ ಹೇಳುವುದನ್ನು ಮಾತ್ರ ಅವನು ಆ ಮೇಲೆ ಬಿಟ್ಟುಬಿಟ್ಟನು.

ಆ ಪುಸ್ತಕವು ಈಗ ನಮ್ಮಲ್ಲಿದೆ. ಸಂಘದ ಮುಂದಿನ ಕೂಟಕ್ಕೆ ಅದನ್ನು ತಂದು ಪ್ರಶ್ನೆ ಕೇಳಿದ ವಿದ್ಯಾರ್ಥಿಯ ಕೈಗೆ ಕೊಟ್ಟೆವು. ಅವನು ಒಂದು ಗಂಟೆಯ ಹೊತ್ತು ಪುಟಗಳನ್ನು ತಿರುವಿ ನೋಡಿದನು. ಎತ್ತಿಲ್ಲದ ಬಂಡಿಗಳು ಓಡುವುವೆಂಬ ಮಾತು ಬೇರೆ ಮಸಿಯಲ್ಲಿದೆಯೆಂಬುದನ್ನೂ, ಅದರ ಅಕ್ಷರ ಬೇರೆಯವನದೆಂಬುದನ್ನೂ, ಒಂದು ಸಂವತ್ಸರದ ಹೆಸರನ್ನು ಉಜ್ಜಿ ಅಳಿಸಿ ಅದರ ಮೇಲೆ ಇನ್ನೊಂದನ್ನು ಬರೆದಿದೆಯೆಂಬುದನ್ನೂ ಅವನೇ ಕಂಡುಹಿಡಿದನು. ನಾವು ಇಷ್ಟು ವರ್ಷಗಳಲ್ಲಿ ಆ ಅಳಿಸಿದ ಗುರುತನ್ನು ಗಮನಿಸಿರಲಿಲ್ಲ. ಕೆಳಗಿರುವ ಹೆಸರು ಯಾವುದೆಂದು ಓದಲು ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದನು. ಮೊದಲ ಅಕ್ಷರ 'ವಿ' ಎಂದು ಅವನ ಅಭಿಪ್ರಾಯ. 'ಪಿ' ಎಂದು ನಮ್ಮ ಅಭಿಪ್ರಾಯ.